ಖಾಯಂ ವಿಳಾಸ

ಒಂದು ನಾಡಿನಲ್ಲಿ ಖಾಯಂ ನಿವಾಸದ ಹಕ್ಕನ್ನು ಉಳಿಸಿಕೊಂಡು ಇನ್ನೊಂದು ನಾಡಿನಲ್ಲಿ ದುಡಿಯುವುದು ಅಮೆರಿಕದ ಗ್ರೀನ್ ಕಾರ್ಡ್ ಪಡೆದವರಿಗೆ ಮಾತ್ರ ಬಂದ ತಾಪತ್ರಯವೆಂದು ಬೆಂಗಳೂರಿನ ಬಡಾವಣೆಗಳಲ್ಲಿ ನಂಬಲಾಗಿದೆಯಾದರೂ, ರಾಯದುರ್ಗ ಮತ್ತು ಮಡಕಶಿರಾ ತಾಲ್ಲೂಕುಗಳ ಕನ್ನಡಿಗರು ವಿಮಾನ ಹತ್ತದೆಯೇ ಅದನ್ನು ಎಪ್ಪತ್ತು ವರ್ಷಗಳಿಂದ ಅನುಭವಿಸುತ್ತ ಬಂದಿದ್ದಾರೆ. ರಾಯದುರ್ಗದವರಿಗೆ ಬಳ್ಳಾರಿ ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಮರಳುವಷ್ಟು ದೂರ, ಮೊಳಕಾಲ್ಮೂರು ಅದಕ್ಕಿಂತಲೂ ಹತ್ತಿರ. ಮಡಕಶಿರಾವನ್ನಂತೂ ಶಿರಾ, ಮಧುಗಿರಿ, ಪಾವಗಡ, ಗೌರಿಬಿದನೂರು ತಾಲ್ಲೂಕುಗಳು ಬಹುಪಾಲು ಸುತ್ತುವರಿದಿವೆ. ಶೇಂಗಾ ಕೈಕೊಟ್ಟ ವರ್ಷ, ಅಂದರೆ ಹೆಚ್ಚುಕಡಿಮೆ ಮಳೆ ಕೈಕೊಟ್ಟ ಪ್ರತಿ ವರ್ಷವೂ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳ ಜನ ಬೆಂಗಳೂರಿನ ಕಟ್ಟಡಗಳಿಗೂ ಗಾರ್ಮೆಂಟ್ಸ್‌ಗಳಿಗೂ ಹೋಗುತ್ತಾರೆ, ರಾಯದುರ್ಗದ ಹೊಲಿಗೆಯವರು ಬಳ್ಳಾರಿಯ ಜೀನ್ಸ್ ಕೆಲಸಕ್ಕೆ ಹೋಗುತ್ತಾರೆ. ಆದರೆ "ಓಟು ಊರಲ್ಲೈತೆ, ಕಾರ್ಡು ಊರಲ್ಲೈತೆ" ಎಂಬ ಮಾತನ್ನು ಅವರು ಎಲ್ಲಿದ್ದರೂ ಬಿಡುವುದಿಲ್ಲ. ಮಂಡಲವೆಂದರೆ ಆಂಧ್ರದಲ್ಲಿ ತಾಲ್ಲೂಕನ್ನು ಒಡೆದು ಮಾಡಿದ ಚಿಕ್ಕ ಕಂದಾಯ ಘಟಕ. ಕಾರ್ಡೆಂದರೆ ರೇಷನ್ ಕಾರ್ಡು.

ಇಲ್ಲಿ ಜನ ಕದಲಿದ್ದಕ್ಕಿಂತ ಗಡಿ ಕದಲಿದ್ದೇ ಹೆಚ್ಚು. ನಿಜಾಮನು 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಿಂದ ರೂಪುಗೊಂಡ ಬಳ್ಳಾರಿ ಜಿಲ್ಲೆಯನ್ನು 1882ರಲ್ಲಿ ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ ತಾಲ್ಲೂಕು ಸೇರಿದಂತೆ ಉಳಿದವು ಮೈಸೂರಿಗೂ ಹೋದವು. ಅದಕ್ಕೆ ಮೊದಲು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆ ನಡೆದದ್ದು ಬಳ್ಳಾರಿ ತಾಲ್ಲೂಕು ಯಾವ ರಾಜ್ಯಕ್ಕೆ ಸೇರಬೇಕೆಂಬುದರ ಬಗ್ಗೆ ಮಾತ್ರ. ರಾಯದುರ್ಗದ ಮಾತು ಅಷ್ಟರಲ್ಲೇ ಮುಗಿದಿತ್ತು. ಹೀಗಾಗಿ 1940ರಲ್ಲಿ ರಾಯದುರ್ಗದ ಕೋಟೆಯ ಕೆಳಗೆ ಹುಟ್ಟಿ, ಆ ಬೀದಿಯನ್ನು ಎಂದೂ ಬಿಡದೆ ಬಾಳಿದ ಒಬ್ಬ ವ್ಯಕ್ತಿಯು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವನಾಗಿ, 1953ರಿಂದ ಆಂಧ್ರ ರಾಜ್ಯದ ಅನಂತಪುರ ಜಿಲ್ಲೆಯವನಾಗಿ, 1956ರಿಂದ ಆಂಧ್ರಪ್ರದೇಶದವನಾಗಿ, ಮನೆಬಾಗಿಲಲ್ಲೇ ಕುಳಿತು ಮೂರು ವಿಳಾಸ ಕಂಡಿರುತ್ತಾನೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದು, ಅಲ್ಲಿಯವರು ಇನ್ನೊಂದು ವಿಳಾಸವನ್ನು ರೂಢಿಸಿಕೊಳ್ಳುತ್ತಿದ್ದಾರೆ.

ಇದೇ ಪ್ರದೇಶ ಹಿಂದೊಮ್ಮೆ ಬೇರೆಯವರು ಬಂದು ನೆಲೆಸುವ ರಾಜಧಾನಿಯಾಗಿತ್ತೆಂಬುದನ್ನೂ ಹೇಳಬೇಕು. ಅಮರಾಪುರ ಮಂಡಲದ ಹೇಮಾವತಿಯು ನೊಳಂಬ ಅರಸರ ಹೆಂಜೇರು; ಅಲ್ಲಿನ ಸಿದ್ಧೇಶ್ವರ, ದೊಡ್ಡೇಶ್ವರ ಗುಡಿಗಳೂ ಕನ್ನಡ ಶಾಸನಗಳೂ ಅದಕ್ಕೆ ಸಾಕ್ಷಿ. ನೊಳಂಬ ಶೈಲಿಯ ಕಂಬಗಳು ಚೋಳರ ಜೊತೆಗೆ ಹೋಗಿ ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ಇಂದೂ ಚಾವಣಿ ಹೊತ್ತು ನಿಂತಿವೆ. ಊರು ಬಿಟ್ಟು ದುಡಿಯುವವರಲ್ಲಿ ಈ ಸೀಮೆಯ ಹಿರಿಯರೆಂದರೆ ಅವೇ ಇರಬೇಕು. ಮನುಷ್ಯರಲ್ಲಿ ಹೆಸರಿಸಬೇಕಾದವರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979). ರಾಯದುರ್ಗದ ನೆರೆಯ ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದ ಅವರು 1912ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಪಂಡಿತರಾಗಿ ಸೇರಿ, ಸುಮಾರು ನಾಲ್ಕು ದಶಕ ಅಲ್ಲಿದ್ದು, ಕನ್ನಡದಲ್ಲೂ ಬರೆದು, ನಿವೃತ್ತಿಯ ಬಳಿಕ ತಿರುಪತಿಗೆ ಹೋಗಿ ಅನ್ನಮಾಚಾರ್ಯರ ಕೀರ್ತನೆಗಳ ಕೆಲಸ ಹಿಡಿದರು. ಮೈಸೂರಿನಲ್ಲಿ ಆಗಲೂ ಮೈಸೂರಿಗ, ಮದ್ರಾಸಿ ಎಂಬ ಜಗಳ ಇತ್ತು. ಆದರೂ ಶರ್ಮರ ಹುಟ್ಟೂರು ಒಂದು ಕಡೆ, ನೌಕರಿ ಇನ್ನೊಂದು ಕಡೆ ಇದ್ದದ್ದು ಅವರ ವಿದ್ವತ್ತಿಗೆ ಅಡ್ಡಬರಲಿಲ್ಲ.

ನಿವಾಸವನ್ನು ವರ್ಷಗಳಲ್ಲಿ ಅಳೆಯುವ ಪದ್ಧತಿಗೆ ಮಾತ್ರ ಬೇರೆಯೇ ಮೂಲವಿದೆ. ಹೈದರಾಬಾದ್ ಸಂಸ್ಥಾನದಲ್ಲಿ 1919ರ ಫರ್ಮಾನಿನೊಂದಿಗೆ ಬಂದ ಮುಲ್ಕಿ ನಿಯಮಗಳ ಪ್ರಕಾರ (ಮುಲ್ಕಿ ಎಂದರೆ ನಾಡಿನವನು) ಹೊರಗಿನವನೊಬ್ಬ ಸಂಸ್ಥಾನದ ನೌಕರಿಗೆ ಅರ್ಹನಾಗಬೇಕಾದರೆ ಹದಿನೈದು ವರ್ಷ ಅಲ್ಲಿ ಖಾಯಂ ಆಗಿ ನೆಲೆಸಿರಬೇಕಿತ್ತು, ಜೊತೆಗೆ ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಪ್ರಮಾಣಪತ್ರ ಬರೆದುಕೊಡಬೇಕಿತ್ತು. ಊರಿಗೆ ಮರಳುವ ಆಸೆಯನ್ನೇ ಕಾಗದದ ಮೇಲೆ ತೊರೆಯುವಂತೆ ಕೇಳಿದ ಇಂಥ ನಿಯಮವನ್ನು ಬರೆದವರು ಮನುಷ್ಯರನ್ನು ಚೆನ್ನಾಗಿ ಬಲ್ಲವರಿರಬೇಕು, ಇಲ್ಲವೇ ಸ್ವಲ್ಪವೂ ಅರಿಯದವರಿರಬೇಕು. ತೆಲಂಗಾಣವು ಆಂಧ್ರಪ್ರದೇಶಕ್ಕೆ ಸೇರಿದ ಮೇಲೂ ಉಳಿದ ಈ ನಿಯಮಗಳನ್ನು ಸುಪ್ರೀಂ ಕೋರ್ಟು 1972ರಲ್ಲಿ ಎತ್ತಿಹಿಡಿದದ್ದೇ ಪ್ರತ್ಯೇಕ ಆಂಧ್ರಕ್ಕಾಗಿ ನಡೆದ ಜೈ ಆಂಧ್ರ ಚಳವಳಿಗೆ ಕಾರಣವಾಗಿ, 1973ರ ಆರು ಸೂತ್ರಗಳ ಒಪ್ಪಂದವಾಗಿ, ಸಂವಿಧಾನದ 32ನೇ ತಿದ್ದುಪಡಿಯ ಮೂಲಕ 371ಡಿ ವಿಧಿ ಬಂದಿತು.

ಆ ವಿಧಿಯ ಕೆಳಗೆ 1974ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶವು ಕಾಲೇಜು ಸೀಟುಗಳಲ್ಲಿ ಶೇ. 85ನ್ನು ಸ್ಥಳೀಯರಿಗೆ ಇಟ್ಟಿತು. ಅರ್ಹತಾ ಪರೀಕ್ಷೆಯ ವರ್ಷವೂ ಸೇರಿ ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವನೇ ಮುಖ್ಯವಾಗಿ ಸ್ಥಳೀಯ. ಜನರ ಬಾಯಲ್ಲಿ ಇದು ಲೋಕಲ್, ನಾನ್‌ಲೋಕಲ್. ಗಡಿಯ ಆಚೆ ಬಳ್ಳಾರಿಗೂ 98ನೇ ತಿದ್ದುಪಡಿಯಿಂದ ಬಂದ 371ಜೆ ಇದೆ, ಅದರಲ್ಲೂ ಹುಟ್ಟು ಮತ್ತು ನಿವಾಸಗಳ ಲೆಕ್ಕವಿದೆ. 1953ರಲ್ಲಿ ಗೆರೆ ಇನ್ನಷ್ಟು ದಕ್ಷಿಣಕ್ಕೆ ಸರಿದಿದ್ದರೆ ರಾಯದುರ್ಗಕ್ಕೂ ಜೆ ಅಕ್ಷರವೇ ಸಿಗುತ್ತಿತ್ತು.

ಈ ಪ್ರಬಂಧಕಾರನ ಮನೆತನದಲ್ಲಿ ಈ ಗೆರೆಯ ಹಾಗೂ ಅಕ್ಷರಗಳ ಪ್ರಭಾವವನ್ನು ಮೂರು ತಲೆಮಾರುಗಳಲ್ಲಿ ಕಾಣಬಹುದಾಗಿದೆ. ರಾಯದುರ್ಗದಿಂದ ಬಳ್ಳಾರಿಗೆ ಹೋಗಿ ವಕೀಲರೊಬ್ಬರ ಬಳಿ ಗುಮಾಸ್ತೆಯಾಗಿದ್ದ ತಾತನು ಜಿಲ್ಲಾ ಕೇಂದ್ರಕ್ಕೆ ಹೋಗಿಬರುತ್ತಿದ್ದನಷ್ಟೆ. ಅದೇ ರೈಲಿನಲ್ಲಿ ಅದೇ ಕಡೆಗೆ ಹೋದ ತಂದೆಯು ಹೊರರಾಜ್ಯದಲ್ಲಿ ದುಡಿಯುವವನಾದನು. ಮೂರನೆಯ ತಲೆಮಾರಿನಲ್ಲಿ ಅಜ್ಜಿಯ ಬಳಿ ಉಳಿದು ರಾಯದುರ್ಗದಲ್ಲಿ ಓದಿದ ಅಕ್ಕ ಲೋಕಲ್, ತಂದೆಯ ಜೊತೆ ಬಳ್ಳಾರಿಯಲ್ಲಿ ಓದಿದ ತಮ್ಮ ನಾನ್‌ಲೋಕಲ್. ಒಂದೇ ರೇಷನ್ ಕಾರ್ಡಿನಲ್ಲಿ ಹೆಸರಿದ್ದ ಇಬ್ಬರಿಗೆ ಕಚೇರಿಯೊಂದು ಬೇರೆ ಬೇರೆ ಪ್ರಮಾಣಪತ್ರ ಕೊಟ್ಟಾಗ ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ, ತಾಯಿ ಮಾತ್ರ ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟಳು.

ಕರ್ನಾಟಕವು ಈ ತೊಡಕಿಗೆ ಒಂದು ಪರಿಹಾರ ಮಾಡಿದೆ. ಅಲ್ಲಿನ ಸಿಇಟಿ ಪ್ರವೇಶದ ನಿಯಮಗಳು ಗಡಿನಾಡ ಕನ್ನಡಿಗರೆಂಬ ವರ್ಗವನ್ನು ಒಪ್ಪಿಕೊಂಡು ಕಾಸರಗೋಡು, ಅಕ್ಕಲಕೋಟೆ, ಜತ್ತ, ಆದೋನಿ, ಆಲೂರುಗಳ ಜೊತೆಗೆ ರಾಯದುರ್ಗ, ಮಡಕಶಿರಾಗಳ ಹೆಸರನ್ನೂ ಹೇಳುತ್ತವೆ. ಅಭ್ಯರ್ಥಿಗಳು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಆದರೆ ಜಾತಿಯ ವಿಷಯದಲ್ಲಿ ಈ ಔದಾರ್ಯ ನಡೆಯುವುದಿಲ್ಲ. ನಾಯಕ, ವಾಲ್ಮೀಕಿ ಸಮುದಾಯವು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಅದೇ ಬಳಗದ ಬೋಯರು ರಾಯದುರ್ಗದಲ್ಲಿ ಹಿಂದುಳಿದ ವರ್ಗ. ಮೊಳಕಾಲ್ಮೂರಿಗೂ ರಾಯದುರ್ಗಕ್ಕೂ ಹೆಣ್ಣು ಕೊಟ್ಟು ತರುವ ಕುಟುಂಬಗಳಲ್ಲಿ ಅಣ್ಣನ ಮಗನಿಗೂ ತಂಗಿಯ ಮಗನಿಗೂ ಮೀಸಲಾತಿಯೇ ಬೇರೆಯಾಗಿರುತ್ತದೆ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ವಲಸೆ ಹೋದವನ ಜೊತೆ ಇನ್ನೊಂದು ರಾಜ್ಯಕ್ಕೆ ಹೋಗದೆಂದು ಸುಪ್ರೀಂ ಕೋರ್ಟು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿದೆ. ತರ್ಕ ಸರಿಯಿರಬಹುದು, ಗಡಿಯ ಬೀಗರ ಮನೆಗಳನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಿದ ತರ್ಕ ಅದಲ್ಲ.

ಅಮೆರಿಕ, ಕೆನಡಾಗಳ ಖಾಯಂ ನಿವಾಸಿಗಳ ಪಾಡು ಇದರ ಪಕ್ಕದಲ್ಲಿ ಸರಳವಾಗಿ ಕಾಣುತ್ತದೆ. ಕೆನಡಾ ಐದು ವರ್ಷಗಳಲ್ಲಿ 730 ದಿನಗಳ ವಾಸವನ್ನು ಕೇಳುತ್ತದೆ, ಅಮೆರಿಕ ಹೆಚ್ಚುಕಾಲ ಹೊರಗಿರುವವರಿಗೆ ಮುಂಚಿತವಾಗಿ ಮರುಪ್ರವೇಶದ ಪರವಾನಗಿ ಕೊಡುತ್ತದೆ, ಮೆಕ್ಸಿಕೋ ಅಥವಾ ಕೆನಡಾದಲ್ಲಿ ಮನೆ ಮಾಡಿಕೊಂಡು ಗಡಿ ದಾಟಿ ಬಂದು ದುಡಿಯುವವರ ಗ್ರೀನ್ ಕಾರ್ಡನ್ನೂ ಅಲ್ಲಿನ ನಿಯಮ ಮಾನ್ಯಮಾಡುತ್ತದೆ. ಭಾರತದಲ್ಲಿ ಒಂದು ರಾಜ್ಯದ ಖಾಯಂ ನಿವಾಸವೆಂಬುದು ಕಾನೂನಿನ ಕಟ್ಟುನಿಟ್ಟಾದ ಅರ್ಥದಲ್ಲಿ ಪೌರತ್ವದಂಥ ಸ್ಥಾನವೇ ಅಲ್ಲ. 1984ರ ಪ್ರದೀಪ್ ಜೈನ್ ತೀರ್ಪಿನ ಪ್ರಕಾರ ಎಲ್ಲರಿಗೂ ಇರುವುದು ಭಾರತದ ಒಂದೇ ಅಧಿವಾಸ, ಅಂದರೆ ಕಾನೂನು ಒಪ್ಪುವ ಶಾಶ್ವತ ನೆಲೆ.

ಇಷ್ಟೆಲ್ಲ ಕಾಯಿದೆಗಳಲ್ಲಿ ಗಡಿಯ ಬದುಕಿಗೆ ಹೆಚ್ಚು ಹತ್ತಿರ ಬಂದಿರುವುದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 20ನೇ ಪ್ರಕರಣವೇ. ಸಾಮಾನ್ಯ ನಿವಾಸಿ ಯಾರೆಂದು ವಿವರಿಸುವ ಅದು, ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಒಬ್ಬನು ಅಲ್ಲಿನ ನಿವಾಸಿಯಾಗುವುದಿಲ್ಲವೆಂದೂ, ತಾತ್ಕಾಲಿಕವಾಗಿ ಊರು ಬಿಟ್ಟ ಮಾತ್ರಕ್ಕೆ ನಿವಾಸಿಯಲ್ಲದೆ ಹೋಗುವುದಿಲ್ಲವೆಂದೂ ಒಟ್ಟಿಗೇ ಹೇಳುತ್ತದೆ. ಬೀಗ ಹಾಕಿದ ಮನೆಗಿಂತ ಮರಳುವ ರೂಢಿಗೆ ಅದು ತೂಕ ಕೊಟ್ಟಿದೆ, ಎರಡು ಕಡೆ ಓಟಿಗೆ ಮಾತ್ರ ಕಾಯಿದೆಯು ಅವಕಾಶ ಕೊಟ್ಟಿಲ್ಲ. ವರ್ಷ ಎಣಿಸುವ ಉಳಿದ ನಿಯಮಗಳಿಗಿಂತ ಇದು ಮೇಲು, ಮತ್ತು ಗಡಿ ತಾಲ್ಲೂಕುಗಳ ಸ್ಥಳೀಯತೆಯನ್ನು ನಿರ್ಧರಿಸುವಾಗಲೂ ಎರಡು ಸರ್ಕಾರಗಳು ಇದೇ ದೃಷ್ಟಿಯನ್ನು ಹಿಡಿಯಬೇಕು.

ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿಗಳ ಮೂಲಕ ತುಮಕೂರಿಗೆ ಯೋಜಿಸಲಾದ ರೈಲುಮಾರ್ಗವು ಈ ಎರಡು ಗಡಿ ತಾಲ್ಲೂಕುಗಳನ್ನು ಒಂದೇ ಹಳಿಗೆ ಪೋಣಿಸುತ್ತದೆಯಾದ್ದರಿಂದ, ಊರಿನಲ್ಲಿದ್ದುಕೊಂಡು ಹೊರರಾಜ್ಯದಲ್ಲಿ ದುಡಿಯುವವರ ಸಂಖ್ಯೆ ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ನಿಯಮ ಬದಲಾಗುವವರೆಗೆ ಈ ಸೀಮೆಯ ತಂದೆತಾಯಿಗಳು ಮಕ್ಕಳನ್ನು ಒಂದು ಶಾಲೆಯಿಂದ ಬಿಡಿಸಿ ಗಡಿಯಾಚೆಯ ಇನ್ನೊಂದಕ್ಕೆ ಸೇರಿಸುವ ಮುನ್ನ ನಾಲ್ಕು ವರ್ಷದ ಲೆಕ್ಕವನ್ನೊಮ್ಮೆ ನೋಡಿಕೊಳ್ಳುವುದು, ಒಂದನೇ ತರಗತಿಯಿಂದ ಮೊದಲ್ಗೊಂಡು ಎಲ್ಲ ಸ್ಟಡಿ ಸರ್ಟಿಫಿಕೇಟುಗಳನ್ನೂ ಜೋಪಾನವಾಗಿಡುವುದು ಒಳ್ಳೆಯದು.