ಕೈಗೆಟುಕದ ಸೆನ್ಸರ್

ಹಳೆಯ ಕಾರನ್ನು ಸಾಕುವವರಿಗೆ ಅದರ ವೇಗಕ್ಕಿಂತ ಅದರ ಮೌನವೇ ಹೆಚ್ಚು ಪಾಠ ಕಲಿಸುತ್ತದೆ. ಜರ್ಮನಿಯ ಪೋರ್ಷೆ 944 ಅಂಥದೊಂದು ಕಾರು. 1991ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ಓಡಾಡುತ್ತಿರುವ ಒಂದೊಂದಕ್ಕೂ ಮೂವತ್ತು ವರ್ಷ ದಾಟಿದೆ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ ಇರುವುದರಿಂದ ಭಾರ ಎರಡೂ ಕಡೆಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿ, ತಿರುವುಗಳಲ್ಲಿ ಅದು ನಂಬಿಕೆಗೆ ಅರ್ಹವಾದ ವಾಹನ. ಆದರೆ ಅದೇ ಕಾರು ಎಂಜಿನ್ ಚೆನ್ನಾಗಿ ಕಾದ ಮೇಲೆ ಹೆದ್ದಾರಿಯ ನಡುವೆ ಮುನ್ಸೂಚನೆಯಿಲ್ಲದೆ ನಿಂತುಬಿಡುವುದುಂಟು. ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಹಿಂದಿನಿಂದ ಲಾರಿಯೊಂದು ಧಾವಿಸಿ ಬರುತ್ತಿರುವಾಗ ಇದು ವಿನೋದದ ಸಂಗತಿಯಲ್ಲ.

ಇಂಥ ಸಂದರ್ಭದಲ್ಲಿ ಸಂಶಯ ಮೊದಲು ಹೋಗುವುದು ಬೆರಳುದ್ದದ ಎರಡು ಸೆನ್ಸರ್‌ಗಳ ಮೇಲೆ. ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಅಷ್ಟೇ ಅವುಗಳ ರಚನೆ. ಫ್ಲೈವೀಲಿನ ಅಂಚಿನಲ್ಲಿರುವ 132 ಹಲ್ಲುಗಳು ಒಂದು ಸೆನ್ಸರಿನ ಎದುರು ಹಾಯುವಾಗ ಪ್ರತಿ ಹಲ್ಲಿಗೂ ಸಣ್ಣದೊಂದು ವಿದ್ಯುತ್ ಮಿಡಿತ ಹುಟ್ಟುತ್ತದೆ. ಅದರಿಂದ ವೇಗ ತಿಳಿಯುತ್ತದೆ. ಇನ್ನೊಂದು ಸೆನ್ಸರ್ ಫ್ಲೈವೀಲಿನ ಒಂದೇ ಒಂದು ಗುರುತನ್ನು ಕಾಯುತ್ತ, ಸುತ್ತಿಗೊಮ್ಮೆ ಸ್ಥಾನವನ್ನು ಹೇಳುತ್ತದೆ. ಈ ಎರಡು ಮಾತುಗಳನ್ನು ನೆಚ್ಚಿಕೊಂಡು ಬಾಷ್ ಕಂಪನಿಯ ಮೋಟ್ರಾನಿಕ್ ಗಣಕವು ಪೆಟ್ರೋಲನ್ನೂ ಕಿಡಿಯನ್ನೂ ಬಿಡುಗಡೆ ಮಾಡುತ್ತದೆ. (ಕನ್ನಡಿಗರಿಗೆ ಬಾಷ್ ಪರಕೀಯವಲ್ಲ. ಬೆಂಗಳೂರಿನಲ್ಲಿ ಅದರ ನಂಟಿನಿಂದ ಬೆಳೆದ ‘ಮೈಕೊ’ದ ಹೆಸರು ಹಳೆಯ ತಲೆಮಾರಿನ ಮೆಕ್ಯಾನಿಕ್‌ಗಳ ನಾಲಗೆಯ ಮೇಲೆ ಇಂದಿಗೂ ಇದೆ.) ಸೆನ್ಸರ್ ಮೂಕವಾದರೆ ಗಣಕದ ಪಾಲಿಗೆ ಎಂಜಿನ್ ತಿರುಗುತ್ತಲೇ ಇಲ್ಲ. ಕಿಡಿಯೂ ಇಲ್ಲ, ಇಂಧನವೂ ಇಲ್ಲ.

ಇಷ್ಟು ಮುಖ್ಯವಾದ ವಸ್ತುವನ್ನು ತಯಾರಕರು ಇಟ್ಟ ಜಾಗವನ್ನು ನೋಡಿದರೆ ಅವರ ಮೇಲೆ ಮುನಿಸು ಬರುವುದು ಸಹಜ. ಎಂಜಿನ್ನಿನ ಬೆನ್ನಿಗೆ, ಫ್ಲೈವೀಲನ್ನು ಮುಚ್ಚಿದ ಕವಚದ ನೆತ್ತಿಯಲ್ಲಿ, ಎಂಜಿನ್ ಕೋಣೆಯ ಹಿಂಗೋಡೆಗೆ ಒತ್ತಿಕೊಂಡಂತೆ ಅವು ಕುಳಿತಿವೆ. ಕಣ್ಣು ಹೋದರೆ ಕೈ ಹೋಗದು, ಕೈ ಹೋದರೆ ಕಣ್ಣಿಗೆ ದಾರಿಯಿಲ್ಲ. ಗ್ಯಾರೇಜಿನ ಬಿಲ್ಲಿನಲ್ಲಿ ಬಿಡಿಭಾಗದ ಬೆಲೆಗಿಂತ ಅದನ್ನು ತಲುಪಲು ತಗುಲಿದ ಹೊತ್ತಿನ ಬೆಲೆಯೇ ದೊಡ್ಡದಾಗಿ ಕಾಣುವುದು ಇದರಿಂದಲೇ.

ಆದುದರಿಂದ ವಿಚಾರಣೆ ಮೊದಲು, ಶಿಕ್ಷೆ ಆಮೇಲೆ. ಸೆಲ್ಫ್ ಹೊಡೆದಾಗ ಟ್ಯಾಕೋಮೀಟರಿನ ಮುಳ್ಳು ತುಸುವಾದರೂ ಮಿಸುಕಬೇಕು. ಮಿಸುಕದಿದ್ದರೆ ಸೆನ್ಸರನ್ನು ಸಂಶಯಿಸಲು ಕಾರಣವುಂಟು. ಆದರೆ ಅದು ಸಾಂದರ್ಭಿಕ ಸಾಕ್ಷ್ಯ ಮಾತ್ರ. ಗಣಕಕ್ಕೂ ಪೆಟ್ರೋಲ್ ಪಂಪಿಗೂ ವಿದ್ಯುತ್ ಕೊಡುವ ರಿಲೇಯೊಳಗಿನ ಬೆಸುಗೆ ಬಿರುಕು ಬಿಟ್ಟರೂ ಇದೇ ಲಕ್ಷಣ ಕಾಣುತ್ತದೆ, ಅದೂ ಬಿಸಿಗೇ ಕೈಕೊಡುತ್ತದೆ. ರಿಲೇಯನ್ನು ಬದಲಿಸಿ ನೋಡಲು ಕೆಲವೇ ನಿಮಿಷ ಸಾಕು. ಅದನ್ನು ಬಿಟ್ಟು ನೇರವಾಗಿ ಎಂಜಿನ್ನಿನ ಬೆನ್ನಿಗೆ ಕೈಹಾಕುವವರ ಅವಸರಕ್ಕೆ ದಂಡ ತೆರುವವನು ಮಾಲೀಕ. ಸೆನ್ಸರನ್ನು ಪ್ರಶ್ನಿಸಲು ಅದನ್ನು ಕಳಚಬೇಕಾಗಿಯೂ ಇಲ್ಲ: ಅದರ ತಂತಿಯ ತುದಿಯ ಕನೆಕ್ಟರ್ ಮೇಲೆಯೇ ಸಿಗುತ್ತದೆ. ಮೀಟರ್ ಹಿಡಿದಾಗ 600ರಿಂದ 1600 ಓಮ್‌ಗಳೊಳಗೆ ತೋರಿದರೆ ಸುರುಳಿ ಆರೋಗ್ಯವಾಗಿದೆ. ಆದರೆ ತಣ್ಣಗಿರುವಾಗ ಮಾತ್ರ ಅಳೆದು ನಿರ್ದೋಷಿಯೆಂದು ಬಿಟ್ಟುಬಿಡಬಾರದು. ಅಪರಾಧ ನಡೆಯುವುದು ಬಿಸಿಯಲ್ಲಿ, ಅಳತೆಯೂ ಬಿಸಿಯಲ್ಲೇ ಆಗಬೇಕು.

ದೋಷ ರುಜುವಾತಾದ ಮೇಲೆ ಕೆಲಸದ ಕಷ್ಟ ಬೇರೆಯದೇ. ವರ್ಷಗಟ್ಟಲೆ ಕಾವು ತಿಂದ ಕನೆಕ್ಟರಿನ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಮುಟ್ಟಿದರೆ ಪುಡಿ. ಸೆನ್ಸರನ್ನು ಹಿಡಿದ ಸಣ್ಣ ಬೋಲ್ಟಿನ ತಲೆಯ ಕುಳಿಯಲ್ಲಿ ಎಣ್ಣೆ ಬೆರೆತ ಕೊಳೆ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು ತೆಗೆಯದೆ ಅಲೆನ್ ಕೀಲಿ ತಿರುಗಿಸಿದರೆ ಕುಳಿಯ ಅಂಚು ಸವೆದು, ಒಂದು ತಾಸಿನ ಕೆಲಸ ಎರಡು ದಿನದ್ದಾಗುತ್ತದೆ. ಬೋಲ್ಟ್ ಕೈತಪ್ಪಿ ಕೆಳಗೆ ಜಾರಿತೋ, ಉದ್ದ ಕಡ್ಡಿಯ ತುದಿಗೆ ಅಯಸ್ಕಾಂತ ಕಟ್ಟಿ, ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ ಇಳಿಬಿಟ್ಟಂತೆ ಕತ್ತಲಲ್ಲಿ ಹುಡುಕಬೇಕು.

ಅತಿ ಸೂಕ್ಷ್ಮವಾದದ್ದು ಅಂತರದ ಲೆಕ್ಕ. ಸೆನ್ಸರಿನ ಮೂತಿಗೂ ಫ್ಲೈವೀಲಿನ ಹಲ್ಲಿಗೂ ನಡುವೆ 0.8 ಮಿಲಿಮೀಟರ್ ಇರಬೇಕು. ದೂರವಾದರೆ ಮಿಡಿತ ಕ್ಷೀಣ. ತಗುಲಿದರೆ ಹೊಸ ಸೆನ್ಸರ್ ಆ ಕ್ಷಣವೇ ಹಾಳು. ಕಣ್ಣಿಗೆ ಕಾಣದ ಜಾಗದಲ್ಲಿ ಇದನ್ನು ಅಳೆಯುವುದು ಹೇಗೆ? ಅನುಭವಿಗಳು 0.8 ಮಿಲಿಮೀಟರ್ ದಪ್ಪದ ವಾಷರೊಂದನ್ನು ಸೆನ್ಸರಿನ ಮೂತಿಗೆ ಅಂಟಿಸುತ್ತಾರೆ. ಅದು ಹಲ್ಲಿಗೆ ತಾಗುವವರೆಗೆ ಬ್ರ್ಯಾಕೆಟ್ಟನ್ನು ಇಳಿಸಿ ಬಿಗಿಯುತ್ತಾರೆ. ಅನಂತರ ಸೆನ್ಸರನ್ನು ಹೊರತೆಗೆದು, ವಾಷರನ್ನು ಕಿತ್ತು, ಮತ್ತೆ ಕೂರಿಸುತ್ತಾರೆ. ಯಾವ ದುಬಾರಿ ಉಪಕರಣವೂ ಇದಕ್ಕೆ ಬೇಕಿಲ್ಲ.

ಎರಡು ಸೆನ್ಸರ್‌ಗಳೂ ಒಂದೇ ಅಚ್ಚಿನವು. ಕನೆಕ್ಟರ್‌ಗಳು ಅದಲುಬದಲಾದರೆ ಎಲ್ಲ ಸರಿಯಿದ್ದೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಬಲ್ಲವರು ಕಳಚುವ ಮುನ್ನವೇ ಒಂದರ ತಂತಿಗೆ ಬಣ್ಣದ ಟೇಪು ಸುತ್ತುತ್ತಾರೆ. ಒಂದು ಕೆಟ್ಟಿದ್ದರೂ ಎರಡನ್ನೂ ಬದಲಿಸುತ್ತಾರೆ, ಯಾಕೆಂದರೆ ಎರಡೂ ಅದೇ ಕಾವನ್ನು ಅಷ್ಟೇ ವರ್ಷ ಉಂಡಿವೆ.