ಮದ್ದೂ ಮಂಗನೂ

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ಹಾಗೆ ಹೇಳಿದ ಮೇಲೆ, ಬಟ್ಟಲನ್ನು ತುಟಿಗೆ ತಂದಾಗಲೆಲ್ಲ ಮಂಗ ಬಂದು ಎದುರು ಕೂರದೆ ಇದ್ದೀತೆ? ತರಗತಿಯಲ್ಲಿ ಎಷ್ಟೋ ಸಲ ಈ ಮಾತನ್ನು ಹೇಳಿ ಹುಡುಗರನ್ನು ನಗಿಸಿದ್ದೇನೆ. ಅದರ ನಿಜವಾದ ಅರ್ಥ ನನಗೆ ಹೊಳೆದದ್ದು ಮಾತ್ರ ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ.

ಆಗ ನಮ್ಮ ಮಗಳಿಗೆ ಎಂಟು ತಿಂಗಳು. ಒಂದು ಭಾನುವಾರ ನನ್ನಾಕೆ ಈಳಿಗೆಮಣೆಯ ಮುಂದೆ ಕುಳಿತು ಸೌತೆಕಾಯಿ ಹೆಚ್ಚುತ್ತಿದ್ದಳು. ಮಗು ನನ್ನ ತೋಳಿನಲ್ಲಿತ್ತು. ಆ ಅಲಗಿನ ಮೇಲೆ ಕಣ್ಣು ಬಿದ್ದೊಡನೆ, 'ಈ ಕೂಸಿಗೆ ನಾನೇ ಏನಾದರೂ ಮಾಡಿಬಿಟ್ಟರೆ?' ಎಂಬ ಯೋಚನೆ ಎಲ್ಲಿಂದಲೋ ಬಂದೆರಗಿತು. ಮೈಯೆಲ್ಲ ಬೆವರಿತು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬೀದಿಗೆ ನಡೆದುಬಿಟ್ಟೆ.

ಓಡಿಸಿದಷ್ಟೂ ಆ ಯೋಚನೆ ಮರಳಿ ಮರಳಿ ಬಂದಿತು. ಬಂದಾಗಲೆಲ್ಲ ದೇವರ ಹೆಸರನ್ನು ಇಪ್ಪತ್ತೊಂದು ಸಲ ಹೇಳಿಕೊಳ್ಳುತ್ತಿದ್ದೆ. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಈಳಿಗೆಮಣೆಯನ್ನು ಅಟ್ಟಕ್ಕೇರಿಸಿ, ಏರಿಸಿದೆನೋ ಇಲ್ಲವೋ ಎಂದು ಮೂರು ಬಾರಿ ಎದ್ದು ನೋಡುತ್ತಿದ್ದೆ. ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಒಂದು ದಿನ ಉತ್ತರಪತ್ರಿಕೆಗಳ ನೆಪ, ಇನ್ನೊಂದು ದಿನ ನೆಗಡಿಯ ನೆಪ.

"ಹೆಣ್ಣು ಮಗು ಅಂತ ನಿಮಗೆ ಬೇಸರವೇನ್ರೀ?" ಎಂದು ಒಂದು ರಾತ್ರಿ ಆಕೆ ಕೇಳಿದಳು. ಉತ್ತರ ಕೊಡಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ನನ್ನನ್ನು ಮನೆಯೊಳಗೆ ಯಾರು ಇರಗೊಟ್ಟಾರು? ಆದರೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ನಾಳೆ ರಜ ಹಾಕಿ. ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ" ಎಂದಳು.

ಮನೋವೈದ್ಯರು ನನ್ನ ಮಾತು ಕೇಳಿ ಬೆಚ್ಚಲಿಲ್ಲ. ಅದೇ ನನಗೆ ದೊರೆತ ಮೊದಲ ಮದ್ದು. "ಹಾಗೆ ಮಾಡುವ ಆಸೆ ಉಂಟೇ?" ಎಂದು ಕೇಳಿದರು. "ರಾಮ ರಾಮ!" ಎಂದೆ. "ಇದಕ್ಕೆ ಗೀಳು ರೋಗವೆಂದು ಹೆಸರು, ಮೇಷ್ಟ್ರೇ. ನಿಮಗೆ ಯಾವುದು ಅತ್ಯಂತ ಪ್ರಿಯವೋ ಅದನ್ನೇ ಅದು ಹಿಡಿಯುತ್ತದೆ" ಎಂದರು. ಇಂಥ ಬೇಡದ ಯೋಚನೆಗಳು ಆರೋಗ್ಯವಂತರಿಗೂ ಬರುತ್ತವೆಯೆಂದು 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನೋವಿಜ್ಞಾನಿಗಳು ತೋರಿಸಿದ್ದಾರೆ. ಉಳಿದವರು ಅದನ್ನು ಬಂದ ಹಾಗೆಯೇ ಹೋಗಲು ಬಿಡುತ್ತಾರೆ. ರೋಗಿಯಾದವನು ಅದನ್ನು ತನ್ನ ಗುಣದ ಸಾಕ್ಷಿಯೆಂದು ನಂಬಿ ಎಣಿಸುತ್ತಾನೆ, ತೊಳೆಯುತ್ತಾನೆ, ಪರೀಕ್ಷಿಸುತ್ತಾನೆ. ಅದರಿಂದ ದೊರೆಯುವ ಗಳಿಗೆಯ ನೆಮ್ಮದಿಯೇ ರೋಗಕ್ಕೆ ಮೇವು.

ಚಿಕಿತ್ಸೆಗೆ ಎರಡು ಗಾಲಿಗಳು. ಒಂದು, ಸರ್ಟ್ರಲೀನ್ ಎಂಬ ಮಾತ್ರೆ. ಇಂಥ ಮಾತ್ರೆಗಳ ಗುಣ ಪೂರ್ತಿ ಕಾಣಲು 8ರಿಂದ 12 ವಾರ ಬೇಕಾಗಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಇನ್ನೊಂದು, ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಪ್ರಯೋಗಿಸಿ 1966ರಲ್ಲಿ ಪ್ರಕಟಿಸಿದ ಕ್ರಮದಿಂದ ಬೆಳೆದು ಬಂದ ಅಭ್ಯಾಸ: ಭಯವನ್ನು ಎದುರಿಸುವುದು, ಆದರೆ ಅದನ್ನು ಶಮನಗೊಳಿಸುವ ಆಚರಣೆಯನ್ನು ಮಾಡದಿರುವುದು.

ಅದರಂತೆ, ಆಕೆ ತರಕಾರಿ ಹೆಚ್ಚುವಾಗ ನಾನು ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ಕೂರಬೇಕಾಯಿತು. ಯೋಚನೆ ಬಂದರೆ ಬರಲಿ. ಎಣಿಕೆ ಕೂಡದು, ಎದ್ದು ಹೋಗಕೂಡದು. "ನಾನು ಕೆಟ್ಟವನಲ್ಲ, ಅಲ್ಲವೇ?" ಎಂದು ದಿನಕ್ಕೆ ಹತ್ತು ಸಲ ಆಕೆಯನ್ನು ಕೇಳುತ್ತಿದ್ದೆ. ಅದಕ್ಕೆ ಉತ್ತರ ಕೊಡಬೇಡಿರೆಂದು ವೈದ್ಯರು ಆಕೆಗೂ ಹೇಳಿದ್ದರು. ಮೊದಲ ದಿನ ಎದೆಬಡಿತ ಇಳಿಯಲು ಒಂದು ಗಂಟೆ ಹಿಡಿಯಿತು. ಆದರೆ ತಾನಾಗಿಯೇ ಇಳಿಯಿತು! ಮೂರನೆಯ ವಾರಕ್ಕೆ ಕಾಲು ಗಂಟೆ. ನಾಲ್ಕನೆಯ ತಿಂಗಳಲ್ಲಿ ಒಂದು ಸಂಜೆ, ಸೌತೆಕಾಯಿ ಹೆಚ್ಚುತ್ತಿದ್ದವನು ನಾನೇ ಎಂಬುದು ಪಲ್ಯ ಒಲೆಯ ಮೇಲೇರಿದ ಬಳಿಕ ನೆನಪಾಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಯ ದೆಸೆಯಿಂದ ಎಂದಳು. ಪಲ್ಯಕ್ಕೆ ಈರುಳ್ಳಿ ಹಾಕಿರಲಿಲ್ಲ.

ನನ್ನಂತೆ ಬಾಯಿ ಕಟ್ಟಿಕೊಂಡು ಬೇಯುತ್ತಿರುವವರು ಓದುಗರಲ್ಲಿಯೂ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವುಂಟು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಸಂಜೆ ನನ್ನ ಹೆಗಲೇರದೆ ಬಿಡುವುದಿಲ್ಲ. ಮಂಗ ಈಗಲೂ ಅಪರೂಪಕ್ಕೊಮ್ಮೆ ಬರುವುದುಂಟು. ಬಂದರೆ ಬರಲಿ, ನನ್ನ ಮದ್ದನ್ನು ನಾನು ಕುಡಿಯುತ್ತೇನೆ.