ನಾವೆಯೊಳಗಿನ ಒಲೆ

ನನ್ನ ಮಗಳೂ ಅಳಿಯಂದಿರೂ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ನೆಲಸಿರುವರು. ಬರುವ ವರ್ಷ ಆರು ವಯಸ್ಸಿನ ಮೊಮ್ಮಗನೊಡನೆ ಹಾಯಿದೋಣಿಯಲ್ಲಿ ಟೊಂಗಾ ದ್ವೀಪಗಳಿಗೆ ಹೋಗಿಬರಬೇಕೆಂದು ಅವರ ಸಂಕಲ್ಪ. ಸಮುದ್ರಯಾನದ ಯುಕ್ತಾಯುಕ್ತತೆಯನ್ನು ಕುರಿತು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದುದು ಒಲೆಯ ವಿಷಯ: ದೋಣಿಯಲ್ಲಿ ಅಡಿಗೆಯು ಪ್ರೊಪೇನ್ ಅನಿಲದಿಂದಲೋ, ವಿದ್ಯುತ್ತಿನಿಂದಲೋ? ಮಗಳದು ಅನಿಲದ ಪಕ್ಷ, ಅಳಿಯಂದಿರದು ವಿದ್ಯುತ್ತಿನ ಪಕ್ಷ.

ಮಗಳ ವಾದವು ಹುರುಳಿಲ್ಲದ್ದಲ್ಲ. ಒಂದು ಕಿಲೋ ಪ್ರೊಪೇನಿನಲ್ಲಿ ಸುಮಾರು 12.8 ಯೂನಿಟ್ಟಿನಷ್ಟು ಶಾಖವಿದೆ. ಉರಿಯ ಅರ್ಧಕ್ಕಿಂತ ಹೆಚ್ಚು ಪಾತ್ರೆಗೆ ತಾಕದೆ ವ್ಯರ್ಥವಾದರೂ 9 ಕಿಲೋವಿನ ಸಿಲಿಂಡರು ಸಣ್ಣ ಸಂಸಾರಕ್ಕೆ ತಿಂಗಳಿಗೆ ಮೀರಿ ಬರುತ್ತದೆ. ಮೋಡ ಕವಿದರೂ ಒಲೆ ಹೊತ್ತುವುದು. ಮೇಲಾಗಿ, ಅವಳ ಅಜ್ಜಿಯ ಹಿತ್ತಾಳೆ ಪಾತ್ರೆಯು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ಅಯಸ್ಕಾಂತಕ್ಕೆ ಅಂಟುವ ಪಾತ್ರೆಯೇ ಅದಕ್ಕೆ ಬೇಕು. ಆ ಹಿತ್ತಾಳೆ ಪಾತ್ರೆಯ ಸಾರನ್ನು ಮೂವತ್ತು ವರ್ಷ ಉಂಡ ನಾನು ಈ ಆಕ್ಷೇಪಣೆಯನ್ನು ಲಘುವಾಗಿ ಕಾಣಲಾರೆ.

ಆದರೆ ಪ್ರೊಪೇನು ಗಾಳಿಗಿಂತ ಒಂದೂವರೆಪಾಲು ಭಾರ. ಮನೆಯಲ್ಲಿ ಅನಿಲ ಸೋರಿದರೆ ಬಾಗಿಲು ಕಿಟಕಿಗಳನ್ನು ತೆರೆಯುತ್ತೇವೆ. ಅದು ಹೊಸ್ತಿಲು ದಾಟಿ ಹೊರಗೆ ಹರಿದುಹೋಗುತ್ತದೆ. ದೋಣಿಗೆ ಹೊಸ್ತಿಲೆಲ್ಲಿ? ಅದು ನೀರಿನ ಮೇಲೆ ತೇಲುವ ಬೋಗುಣಿ. ಸೋರಿದ ಅನಿಲವು ತಳವನ್ನು ಸೇರಿ, ಯಾರ ಕಣ್ಣಿಗೂ ಬೀಳದೆ, ಒಂದು ಕಿಡಿಗಾಗಿ ಕಾದಿರುವುದು. ಕಡಲಿನೊಳಗೆ ಬಡಬಾನಲವಿದೆಯೆಂದು ಪುರಾಣಿಕರ ಬಾಯಲ್ಲಿ ಬಾಲ್ಯದಲ್ಲಿ ಕೇಳಿದ್ದೆ. ಆ ಹೆಸರು ಈ ಅನಿಲಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದುದರಿಂದಲೇ ಸಿಲಿಂಡರನ್ನು ಪ್ರತ್ಯೇಕವಾದ ಗೂಡಿನಲ್ಲಿಟ್ಟು, ಗೂಡಿನ ತಳದಿಂದ ಹೊರಕ್ಕೆ ಕೊಳವೆ ಬಿಡುವರು. ಅಡಿಗೆಯಾದೊಡನೆ ಸಿಲಿಂಡರಿನ ಬಳಿಯಲ್ಲೇ ಅನಿಲವನ್ನು ತಡೆಯಬೇಕು. ಎಲ್ಲ ಸರಿಯೆ. ಆದರೆ ಅಲೆಯ ಹೊಯ್ದಾಟದಲ್ಲಿ ದಣಿದವರು ದಿನವೂ ತಪ್ಪದೆ ನೆನಪಿಡಬೇಕಾದ ನಿಯಮವೊಂದಕ್ಕೆ ಮಗುವಿನ ಪ್ರಾಣವನ್ನು ಕಟ್ಟಲು ನನಗೆ ಮನಸ್ಸು ಬಾರದು.

ವಿದ್ಯುತ್ತಿನ ಲೆಕ್ಕವನ್ನು ಅಳಿಯಂದಿರು ಬರೆದು ಕಳುಹಿದರು. 1,800 ವಾಟಿನ ಒಲೆಯು 12 ವೋಲ್ಟಿನ ಬ್ಯಾಟರಿಯಿಂದ 150 ಆಂಪಿಯರಿಗೂ ಮಿಕ್ಕು ಎಳೆಯುತ್ತದೆ. ಪ್ರೆಷರ್ ಕುಕ್ಕರು ಬಳಸಿದರೆ ಮೂವರ ಅಡಿಗೆಗೆ ದಿನಕ್ಕೆ ಒಂದೂವರೆ ಯೂನಿಟ್ಟು ಸಾಕಂತೆ. ಬ್ಯಾಟರಿಯಲ್ಲಿ ಐದು ಯೂನಿಟ್ಟು ಹಿಡಿಸುವುದು. ಬಿಸಿಲಿದ್ದರೆ ಸೌರಫಲಕಗಳು ತುಂಬಿಕೊಡುವುವು. ಬಿಸಿಲಿಲ್ಲದಿದ್ದರೆ? ಎರಡು ದಿನ ಮಳೆ ಹಿಡಿದರೆ ದೀಪ, ದಾರಿ ತೋರುವ ಯಂತ್ರ, ಅನ್ನ, ಮೂರೂ ಒಂದೇ ಬ್ಯಾಟರಿಗೆ ಕೈಯೊಡ್ಡುವುವು. ಈ ಪ್ರಶ್ನೆಗೆ ಅವರ ಪತ್ರದಲ್ಲಿ ಸಮಾಧಾನವಿರಲಿಲ್ಲ.

ನಾನು ಬರೆದ ಉತ್ತರವಿಷ್ಟು: ನಿತ್ಯದ ಅಡಿಗೆ ವಿದ್ಯುತ್ತಿನಲ್ಲಾಗಲಿ, ಆಪತ್ಕಾಲಕ್ಕೆ, ಗಂಜಿ ಕಾಯಿಸುವಷ್ಟರ ಮಟ್ಟಿಗೆ, ಒಂದು ಸ್ಪಿರಿಟ್ ಒಲೆಯಿರಲಿ. ಸ್ಪಿರಿಟ್ಟಿನ ಬೆಂಕಿಯು ನೀರನ್ನು ಧಾರಾಳವಾಗಿ ಹೊಯ್ದರೆ ಆರುವುದು. ಕಡಲಿನಲ್ಲಿ ನೀರಿಗೇನು ಬರ? ಅದರ ಜ್ವಾಲೆಯು ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟವಾದುದರಿಂದ ಮಗುವನ್ನು ದೂರವಿಡತಕ್ಕದ್ದೆಂದೂ ಸೇರಿಸಿದೆ.

ಮಗಳು ಒಪ್ಪಿರುವಳು. ಹಿತ್ತಾಳೆಯ ಪಾತ್ರೆ ಆಕ್ಲೆಂಡಿನ ಮನೆಯಲ್ಲಿಯೇ ಉಳಿಯುವುದಂತೆ. ಕಬ್ಬಿಣದ ದೋಸೆಕಾವಲಿ ಮಾತ್ರ ದೋಣಿಯನ್ನು ಹತ್ತಲಿದೆ.